‘ಮೈಬಣ್ಣ’ ಕೇಳಿದರೆ ಯಾವ ಕ್ರೇಯಾನ್ ಕೊಡಬೇಕು?

ಪ್ರಶ್ನೆ: ನಮ್ಮದು 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ನಲಿ-ಕಲಿ ಕೊಠಡಿ, 24 ಮಕ್ಕಳಿದ್ದಾರೆ. ಕೆಲವರ ಮನೆಮಾತು ಲಂಬಾಣಿ, ಕೆಲವರದು ಉರ್ದು, ಇನ್ನು ಕೆಲವರದು ತೆಲುಗು. ಎಲ್ಲರಿಗೂ ತಮ್ಮದು ಅನ್ನಿಸುವ ಕಥೆಪುಸ್ತಕ ಆರಿಸುವುದು ಹೇಗೆ?
– ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ಪುಟಕ್ಕೊಂದು ವೇಷ, ಪುಟಕ್ಕೊಂದು ಹಬ್ಬ ತೋರಿಸುವ ಪುಸ್ತಕವನ್ನು ಮೊದಲು ಬದಿಗಿಡಿ. ಅದರಲ್ಲಿ ಲಂಬಾಣಿ ಎಂದರೆ ಕನ್ನಡಿ ಹೊಲಿದ ಲಂಗ, ಅಲ್ಲಿಗೆ ಮುಗಿಯಿತು. ನಿಮ್ಮ ತಾಂಡಾದ ಹುಡುಗಿ ದಿನಾ ಯೂನಿಫಾರ್ಮ್ ಹಾಕಿಕೊಂಡೇ ಬರುತ್ತಾಳೆ. ದಾರಿಯಲ್ಲಿ ಚಪ್ಪಲಿಯ ಬಾರು ಕಿತ್ತುಹೋಗುವ ಕಥೆ ಅವಳಿಗೆ ಹೆಚ್ಚು ಹತ್ತಿರ. ಪುಸ್ತಕ ಕೈಗೆ ಬಂದಾಗ ಒಮ್ಮೆ ಅಕ್ಷರ ಬಿಟ್ಟು ಚಿತ್ರ ಮಾತ್ರ ನೋಡುತ್ತಾ ಹೋಗಿ. ಕಪ್ಪಗಿರುವವರು ಕಳ್ಳನೋ ರಾಕ್ಷಸನೋ ಆಗಿ ಮಾತ್ರ ಬರುತ್ತಾರಾ? ಗಾಲಿಕುರ್ಚಿಯ ಹುಡುಗ ಕಥೆಯ ತೊಡಕು ಬಿಡಿಸುತ್ತಾನಾ, ಇಲ್ಲ ಉಳಿದವರ ಕನಿಕರಕ್ಕೆಂದೇ ಕೂತಿದ್ದಾನಾ? ಎಲ್ಲರ ಮನೆಯಲ್ಲೂ ಸೋಫಾ ಇದೆಯಾ? ಒಂದೇ ಪುಸ್ತಕದಲ್ಲಿ ಎಲ್ಲವೂ ಸರಿ ಇರಬೇಕೆಂದಿಲ್ಲ. ಕಪಾಟಿನ ಅಷ್ಟೂ ಪುಸ್ತಕ ಒಂದೇ ಕಡೆ ವಾಲಿದ್ದರೆ ಆಗ ಚಿಂತೆ ಮಾಡಿ.

ದುಡ್ಡಿನ ಅಡಚಣೆ ಇದ್ದರೆ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ ನೋಡಿ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚಿತ್ರಕಥೆಗಳಿವೆ, ಓದಿನ ಹಂತ 1ರಿಂದ 4ರವರೆಗೆ ಗುರುತು ಹಾಕಿದ್ದಾರೆ. ಮುಕ್ತ ಪರವಾನಗಿಯವು, ಮುದ್ರಿಸಬಹುದು, ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಲಂಬಾಣಿಗೆ ತಿರುಗಿಸಿ ಅಂಟಿಸಲೂಬಹುದು. ಲೇಖಕರ, ಚಿತ್ರಕಾರರ ಹೆಸರು ಮಾತ್ರ ಬಿಡುವಂತಿಲ್ಲ.

ಮಕ್ಕಳೇ ಓದಬೇಕಾದದ್ದಾದರೆ ಪುಟಕ್ಕೆ ಒಂದೆರಡು ವಾಕ್ಯ, ಒತ್ತಕ್ಷರ ಕಡಿಮೆ ಇರಲಿ. ನೀವು ಗಟ್ಟಿಯಾಗಿ ಓದಿ ಹೇಳುವುದು ಇನ್ನೂ ಸ್ವಲ್ಪ ಕಷ್ಟದ್ದಾದರೂ ನಡೆಯುತ್ತದೆ. ಆದರೆ 24 ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ. ಹಿಂದಿನ ಸಾಲಿಗೆ ಚಿತ್ರ ಕಾಣುವುದಿಲ್ಲ, ಗದ್ದಲ ಹುಟ್ಟುವುದೇ ಅಲ್ಲಿಂದ. 12 ಮಕ್ಕಳನ್ನು ಅರೆಚಂದ್ರದಂತೆ ಕೂರಿಸಿ, ಪುಸ್ತಕವನ್ನು ಕೆಳಗಿನಿಂದ ಹಿಡಿದು 10 ನಿಮಿಷ ಓದಿ. ಆ ಹೊತ್ತಿಗೆ ಉಳಿದವರಿಗೆ ಸ್ವಕಲಿಕೆ. ಕಥೆಯಲ್ಲಿ ಅಮ್ಮ ಬಂದಾಗ ಒಮ್ಮೆ ‘ಅವ್ವ’, ಮುಂದಿನ ಪುಟದಲ್ಲಿ ‘ಯಾಡಿ’, ಅದರಾಚೆ ‘ಅಮ್ಮಿ’ ಎಂದು ಓದಿ ನೋಡಿ. ಲಂಬಾಣಿ ಮಗುವಿನ ತಲೆ ಥಟ್ಟನೆ ಮೇಲೇಳುತ್ತದೆ. ‘ಎದ್ದು ನಿಂತು ನಿಮ್ಮ ಭಾಷೇಲಿ ಹೇಳಮ್ಮ’ ಅಂದರೆ ಅದೇ ಮಗು ಮುದುಡಿಕೊಳ್ಳುತ್ತದೆ. ಆ ಮಾತು ಮೊದಲು ನಿಮ್ಮ ಬಾಯಲ್ಲಿ ಬರಲಿ.

ಪ್ರಶ್ನೆ: ‘ನಾನು’ ಎಂಬ ಚಿತ್ರ ಬರೆಯಲು ಹೇಳಿದರೆ ಎಲ್ಲರೂ ‘ಸ್ಕಿನ್ ಕಲರ್’ ಅಂತ ತಿಳಿ ಗುಲಾಬಿ ಕ್ರೇಯಾನ್‌ಗೇ ಕೈ ಹಾಕುತ್ತಾರೆ. ಏನು ಮಾಡಲಿ?

ಉತ್ತರ: ಆ ದಿನ ಕ್ರೇಯಾನ್ ಡಬ್ಬಿ ಮುಚ್ಚಿಡಿ, ಪೋಸ್ಟರ್ ಬಣ್ಣ ತೆಗೆಯಿರಿ. ನಾಲ್ವರಿಗೊಂದು ಹಳೆಯ ತಟ್ಟೆ. ಹಳದಿ 4 ಹನಿ, ಕೆಂಪು 2 ಹನಿ ಕಲಸಿದರೆ ಕಿತ್ತಳೆ ಆಗುತ್ತದೆ. ಅದಕ್ಕೆ ನೀಲಿಯನ್ನು ಬ್ರಷ್ಷಿನ ತುದಿಯಲ್ಲಿ ಮುಟ್ಟಿಸಿ ಮುಟ್ಟಿಸಿ ಸೇರಿಸಿದರೆ ಕಂದು ತಾನಾಗಿ ಏಳುತ್ತದೆ. ನೀಲಿಯನ್ನು ಒಮ್ಮೆಲೇ ಸುರಿದರೆ ಕೆಸರು ಹಸಿರು. ಆಗ ಸ್ವಲ್ಪ ಕೆಂಪು ಹಾಕಿ ಸರಿಮಾಡಿ. ತಿಳಿಯಾಗಿಸಲು ಬರೀ ಬಿಳಿ ಹಾಕಿದರೆ ಬೂದಿ ಬಳಿದಂತೆ ಆಗುತ್ತದೆ, ಜೊತೆಗೆ ಹಳದಿಯೂ ಬೇಕು. ಗಾಢ ಮಾಡಲು ಕಪ್ಪು ಬೇಡವೇ ಬೇಡ, ಹಳದಿಗೆ ಕಪ್ಪು ಬೆರೆತರೆ ಪಾಚಿಬಣ್ಣ. ನೀಲಿ, ಕೆಂಪುಗಳಿಂದಲೇ ಗಾಢ ಮಾಡಿ.

ಪ್ರತಿ ಮಗುವೂ ತನ್ನ ಬಣ್ಣವನ್ನು ಕಾಗದದ ಪಟ್ಟಿಗೆ ಬಳಿದು ಮುಂಗೈ ಪಕ್ಕ ಹಿಡಿದು ಹೋಲಿಸಲಿ. ಹಸಿಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಬೇರೆಯೇ ಕಾಣುತ್ತದೆ, ಹಾಗಾಗಿ ಐದು ನಿಮಿಷ ಕಾಯಿಸಿ. ಹೊಂದಿದ ಬಣ್ಣಕ್ಕೆ ಮಕ್ಕಳೇ ಹೆಸರಿಡಲಿ: ಬೆಲ್ಲ, ಹುಣಸೆ, ಹುರಿದ ಶೇಂಗಾ, ರಾಗಿ, ಹಾಲು ಹೆಚ್ಚಾದ ಚಹಾ. ಪಟ್ಟಿಗಳನ್ನು ಚಪ್ಪರಕ್ಕೆ (ಮಕ್ಕಳ ಕೆಲಸ ತೂಗುಹಾಕಲು ಕೊಠಡಿಯಲ್ಲಿ ಮೇಲೆ ಕಟ್ಟಿದ ದಾರಗಳು) ತೂಗುಹಾಕುವಾಗ ಬಿಳುಪಿನಿಂದ ಕಪ್ಪಿಗೆ ಸಾಲಾಗಿ ಜೋಡಿಸಬೇಡಿ; ಮಕ್ಕಳು ಅದನ್ನು ರ‍್ಯಾಂಕ್ ಪಟ್ಟಿಯಂತೆ ಓದಿಬಿಡುತ್ತಾರೆ. ಹೆಸರಿನ ಅಕ್ಷರಕ್ರಮದಲ್ಲಿ ಹಾಕಿ, ವರ್ಣಮಾಲೆಯ ಪಾಠವೂ ಆಯಿತು.

ಬಣ್ಣ ಸಿಗದಿದ್ದರೆ ಜರಡಿ ಹಿಡಿದ ಕೆಮ್ಮಣ್ಣು 2 ಚಮಚ, ಫೆವಿಕಾಲ್ 1 ಚಮಚ, ನೀರು ಹದಕ್ಕೆ ತಕ್ಕಷ್ಟು. ಎರೆಮಣ್ಣನ್ನು ದಪ್ಪಗೆ ಬಳಿದರೆ ಒಣಗಿ ಬಿರುಕು ಬಿಡುತ್ತದೆ, ತೆಳುವಾಗಿ ಎರಡು ಸಲ ಬಳಿಯಿರಿ.

ಪ್ರಶ್ನೆ: ಒಂದೇ ಹಾಳೆಯಲ್ಲಿ 8 ಪುಟದ ಪುಟಾಣಿ ಪುಸ್ತಕ ಮಾಡಿಸಲು ಹೋದರೆ ಹಾಳೆ ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಕತ್ತರಿ ಹಾಕುವ ಕಡೆ ತಪ್ಪಿದೆ. ಎ4 ಹಾಳೆಯನ್ನು ಉದ್ದುದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ ಮಡಚಿ ಬಿಚ್ಚಿದರೆ 8 ಮನೆ ಮೂಡುತ್ತವೆ. ಈಗ ಅಡ್ಡಕ್ಕೆ ಒಮ್ಮೆ ಮಾತ್ರ ಮಡಚಿ, ಮಡಿಕೆ ಇರುವ ಅಂಚಿನಿಂದ ನಡುಗೆರೆಯ ಮೇಲೆ ಮುಂದಿನ ಗೆರೆಯವರೆಗೆ, ಅಂದರೆ ಸುಮಾರು 7.4 ಸೆಂ.ಮೀ. ಕತ್ತರಿಸಿ. ಬಿಚ್ಚಿಕೊಂಡ ಅಂಚಿನಿಂದ ಕತ್ತರಿಸಿದರೆ ಸೀಳು ನಡುವೆ ಬೀಳದೆ ಎರಡು ತುದಿಗೆ ಬೀಳುತ್ತದೆ, ನಿಮಗೆ ಆಗುತ್ತಿರುವುದು ಅದೇ. ಆಮೇಲೆ ಹಾಳೆ ಬಿಚ್ಚಿ, ಉದ್ದುದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿಬಿಟ್ಟು, ಮೇಲಿನಿಂದ ನೋಡಿದರೆ ಕೂಡುವ ಚಿಹ್ನೆ ಕಾಣಬೇಕು. ಅದನ್ನು ಒಂದೇ ಕಡೆಗೆ ಮಡಚಿದರೆ ಪುಸ್ತಕ.

ಪುಟಸಂಖ್ಯೆಯನ್ನು ಮಡಚಿದ ಮೇಲೆಯೇ ಪೆನ್ಸಿಲಿನಲ್ಲಿ ಹಾಕಿಸಿ. ಬಿಚ್ಚಿದ ಹಾಳೆಯ ಮೇಲೆ ಬರೆದರೆ ಅರ್ಧದಷ್ಟು ಪುಟಗಳು ತಲೆಕೆಳಗು. ಹಾಳೆಯ ಹಿಂಬದಿ ಪೂರ್ತಿ ಒಳಗೆ ಅಡಗುವುದರಿಂದ, ಕಚೇರಿಯಲ್ಲಿ ಒಂದು ಬದಿ ಮುದ್ರಿಸಿ ಬಿಸಾಡಿದ ಹಾಳೆಗಳೇ ಸಾಕು.