ಹಳದಿ ವಜ್ರ ಅಗ್ಗವೋ, ದುಬಾರಿಯೋ?

ಪ್ರಶ್ನೆ: ಮಗಳ ಮದುವೆಗೆ ವಜ್ರದ ಮೂಗುಬೊಟ್ಟು ನೋಡಲು ಬೆಳಗಾವಿಗೆ ಹೋಗಿದ್ದೆವು. ತುಸು ಹಳದಿ ಇರುವ ಹರಳಿಗೆ ಬಿಳಿಯದಕ್ಕಿಂತ ಕಡಿಮೆ ಬೆಲೆ ಹೇಳಿದರು. ಆದರೆ ಹಳದಿ ವಜ್ರ ಭಾರಿ ದುಬಾರಿ ಅಂತ ಕೇಳಿದ್ದೇನೆ. ಒಂದು ನೀಲಿ ಹರಳನ್ನೂ ತೋರಿಸಿದರು, ಅದು ಎಲ್ಲಕ್ಕಿಂತ ಅಗ್ಗ. ಯಾವುದನ್ನು ನಂಬುವುದು?
– ಓದುಗರು, ಜಮಖಂಡಿ

ಉತ್ತರ: ಹಳದಿಯ ಬಗ್ಗೆ ನೀವು ಕೇಳಿದ ಎರಡೂ ಮಾತು ನಿಜ. ಹಳದಿ ಎಷ್ಟಿದೆ ಅನ್ನೋದರ ಮೇಲೆ ಬೆಲೆ ನಿಂತಿದೆ.

ವಜ್ರ ಅಂದರೆ ಇಂಗಾಲ. ಭೂಮಿಯ ಆಳದಲ್ಲಿ ಅದು ಹರಳುಗಟ್ಟುವಾಗ ನೈಟ್ರೋಜನ್ ಸೇರಿಕೊಂಡರೆ ಹಳದಿ ಛಾಯೆ ಬರುತ್ತದೆ. ಇದನ್ನು ಡಿ ಇಂದ ಝೆಡ್‌ವರೆಗಿನ ಅಕ್ಷರಗಳಲ್ಲಿ ಗುರುತಿಸುತ್ತಾರೆ. ಡಿ ಅಂದರೆ ಬಣ್ಣವೇ ಇಲ್ಲದ್ದು. ಕೆಳಗಿಳಿದಂತೆ ಹಳದಿ ಜಾಸ್ತಿ, ಬೆಲೆ ಕಡಿಮೆ. ಝೆಡ್ ದಾಟಿ ಗಾಢ ಹಳದಿಯಾದರೆ ಅದು 'ಫ್ಯಾನ್ಸಿ' ವಜ್ರ. ಅಂಥದ್ದು ಅಪರೂಪ, ಹಾಗಾಗಿ ಬೆಲೆ ಮತ್ತೆ ಏರುತ್ತದೆ.

ಮೂಗುಬೊಟ್ಟಿಗೆ ಡಿ ಬಣ್ಣ ಬೇಕಿಲ್ಲ. ಹತ್ತು ಸೆಂಟಿನ ಹರಳು ಅಂದರೆ ಕ್ಯಾರೆಟ್ಟಿನ ಹತ್ತನೇ ಒಂದು ಪಾಲು, ತೂಕ ಬರೀ 0.02 ಗ್ರಾಂ. ಹಳದಿ ಚಿನ್ನದಲ್ಲಿ ಕೂರಿಸಿದರೆ ಎಚ್, ಐ, ಜೆ ಬಣ್ಣದವೂ ಬೆಳ್ಳಗೇ ಕಾಣುತ್ತವೆ. ಉಳಿದ ಹಣವನ್ನು ಒಳ್ಳೆಯ ಕಟಿಂಗ್‌ಗೆ ಕೊಡಿ. ಹೊಳಪು ಬರುವುದೇ ಅದರಿಂದ.

ನೀಲಿಯ ವಿಷಯದಲ್ಲಿ ಮಾತ್ರ ಹುಷಾರು. ವಜ್ರದಲ್ಲಿ ಬೋರಾನ್ ಇದ್ದರೆ ನೀಲಿ ಬಣ್ಣ. ಇವು 'ಟೈಪ್ 2ಬಿ', ತೀರಾ ಅಪರೂಪ. ಗೋಲ್ಕೊಂಡದ ಸೀಮೆಯಿಂದ ಹೋಗಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿರುವ 45.52 ಕ್ಯಾರೆಟ್ಟಿನ ಹೋಪ್ ವಜ್ರ ಇದೇ ಜಾತಿಯದು. ಅಂಥ ನೀಲಿ ಬಿಳಿಗಿಂತ ಅಗ್ಗಕ್ಕೆ ಸಿಗುವುದಿಲ್ಲ. ನಿಮಗೆ ತೋರಿಸಿದ್ದು ಲ್ಯಾಬ್‌ನಲ್ಲಿ ಬೆಳೆಸಿದ್ದೋ, ವಿಕಿರಣ ಹಾಯಿಸಿ ಬಣ್ಣ ಬರಿಸಿದ್ದೋ ಇರಬೇಕು. ಇಲ್ಲವಾದರೆ ಅದು ವಜ್ರವೇ ಅಲ್ಲ. ಲ್ಯಾಬ್‌ನದು ನಿಜವಾದ ವಜ್ರವೇ, ಆದರೆ ಮರುಮಾರಾಟದಲ್ಲಿ ಬೆಲೆ ಬಹಳ ಕಡಿಮೆ ಬರುತ್ತದೆ. ವಿಕಿರಣದಿಂದ ಬಣ್ಣ ಬರಿಸಿದ ಹರಳು ರಿಪೇರಿಯಲ್ಲಿ ಬೆಂಕಿ ತಾಗಿದರೆ ಬಣ್ಣ ಬದಲಿಸಬಹುದು. ಅದನ್ನು ಕೊಂಡರೆ ಪತ್ತಾರರಿಗೆ ಮೊದಲೇ ಹೇಳಿಬಿಡಿ.

ಗುಲಾಬಿ ಬಣ್ಣಕ್ಕೆ ಹರಳಿನ ಒಳಕಟ್ಟು ಒತ್ತಡಕ್ಕೆ ಸಿಕ್ಕಿ ಡೊಂಕಾಗಿರುವುದು ಕಾರಣ. ಇವಕ್ಕೆ ಹೆಸರಾಗಿದ್ದ ಆಸ್ಟ್ರೇಲಿಯಾದ ಆರ್ಗೈಲ್ ಗಣಿ 2020ರಲ್ಲಿ ಮುಚ್ಚಿತು. ಹಸಿರು ಬರುವುದು ಹೆಚ್ಚಾಗಿ ನೆಲದೊಳಗಿನ ಸಹಜ ವಿಕಿರಣದಿಂದ.

ಇನ್ನೊಮ್ಮೆ ಹೋದಾಗ ಸರ್ಟಿಫಿಕೇಟ್ ಕೇಳಿ. ಹರಳು ಗಣಿಯದೋ ಲ್ಯಾಬ್‌ನದೋ, ಬಣ್ಣ ಸಹಜವೋ ಬರಿಸಿದ್ದೋ ಅನ್ನುವ ಸಾಲುಗಳನ್ನು ಓದದೆ ದುಡ್ಡು ಕೊಡಬೇಡಿ. ಅಂಗಡಿಯ ಲೈಟಿನ ಕೆಳಗೆ ಎಲ್ಲವೂ ಬೆಳ್ಳಗೆ ಕಾಣುತ್ತವೆ, ಅಲ್ವಾ? ಕೂರಿಸದ ಬಿಡಿ ಹರಳನ್ನು ಬಾಗಿಲ ಬೆಳಕಿಗೆ ತರಿಸಿ, ಬಿಳಿ ಕಾಗದದ ಮೇಲೆ ಬೋರಲು ಇಟ್ಟು ಪಕ್ಕದಿಂದ ನೋಡಿ. ಹಳದಿ ಇದ್ದರೆ ಅಲ್ಲಿ ಕಾಣುತ್ತದೆ.