ಹಳೆಯ ಸೈಕಲ್ ಫ್ರೇಮ್‌ಗೆ ಬಿಡಿಭಾಗಗಳು ಕೂರದಿದ್ದರೆ ಏನು ಮಾಡಬೇಕು?

ಬಳಸಿದ ಸ್ಟೀಲ್ ಫ್ರೇಮ್ ಒಂದನ್ನು ಕೊಂಡು, ಬೇರೆ ಬೇರೆ ಕಡೆಯಿಂದ ಒಟ್ಟುಮಾಡಿದ ಬಿಡಿಭಾಗಗಳನ್ನು ಜೋಡಿಸಲು ಹೊರಟಾಗ ಹಿಂದಿನ ಚಕ್ರ ಡ್ರಾಪ್‌ಔಟ್‌ಗಳ (ಚಕ್ರದ ಆಕ್ಸಲ್ ಕೂರುವ ಫ್ರೇಮ್‌ನ ಹಿಂತುದಿಗಳ) ನಡುವೆ ಹಿಡಿಯುತ್ತಿಲ್ಲ, ಬಾಟಮ್ ಬ್ರಾಕೆಟ್‌ನ (ಪೆಡಲ್ ತೋಳುಗಳ ಅಚ್ಚು ತಿರುಗುವ ಬೇರಿಂಗ್ ಜೋಡಣೆ) ಎಡಗಡೆಯ ಕಪ್ (ಬೇರಿಂಗನ್ನು ಹಿಡಿಯುವ ಥ್ರೆಡ್ ಇರುವ ಬಳೆ) ಕೆಲವು ಸುತ್ತು ಹೋಗಿ ನಿಂತುಬಿಡುತ್ತದೆ, ಸೀಟ್ ಪೋಸ್ಟ್ ಎಷ್ಟು ಬಿಗಿದರೂ ಕೆಳಗಿಳಿಯುತ್ತದೆ ಎಂದು ನೀವು ಬರೆದಿದ್ದೀರಿ. ಈ ಮೂರೂ ಒಂದೇ ಬಗೆಯ ತೊಂದರೆಗಳಲ್ಲ. ಚಕ್ರದ ವಿಷಯದಲ್ಲಿ ಸ್ಟೀಲ್ ಫ್ರೇಮ್ ಸ್ವಲ್ಪ ಬಗ್ಗುತ್ತದೆ, ಸೀಟ್ ಪೋಸ್ಟ್‌ಗೆ ಸರಿಯಾದ ಅಳತೆಯದನ್ನು ತಂದರೆ ಸಾಕು, ಆದರೆ ಬಾಟಮ್ ಬ್ರಾಕೆಟ್‌ನ ಮೇಲೆ ಬಲ ಹಾಕಿದರೆ ಕೆಡುವುದು ಫ್ರೇಮೇ. ಆದ್ದರಿಂದ ಮೊದಲು ಸ್ಪ್ಯಾನರನ್ನು ಬದಿಗಿಟ್ಟು ವರ್ನಿಯರ್ ಕ್ಯಾಲಿಪರ್ ಒಂದನ್ನು ಕೈಗೆ ತೆಗೆದುಕೊಳ್ಳಿ. ಅದಕ್ಕೂ ಮುಂಚೆ ಹೆಡ್ ಟ್ಯೂಬ್‌ನ (ಹ್ಯಾಂಡಲ್ ತಿರುಗುವ ಮುಂದಿನ ಕೊಳವೆ) ಹಿಂದೆ, ಡೌನ್ ಟ್ಯೂಬ್‌ನ (ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ತಳಭಾಗದಲ್ಲಿ ಬೆರಳಾಡಿಸಿ ನೋಡಿ. ಅಲ್ಲಿ ಬಣ್ಣ ಸುಕ್ಕಾಗಿದ್ದರೆ ಅಥವಾ ಕೊಳವೆ ಉಬ್ಬಿದ್ದರೆ ಆ ಫ್ರೇಮ್ ಎಲ್ಲಿಗೋ ಮುಂದಿನಿಂದ ಗುದ್ದಿದೆ ಎಂದರ್ಥ, ಅಂಥದಕ್ಕೆ ಇನ್ನಷ್ಟು ಹಣ ಸುರಿಯುವುದು ಬೇಡ.

ಬಾಟಮ್ ಬ್ರಾಕೆಟ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಫ್ರೇಮ್ ಯಾವ ಪದ್ಧತಿಯಲ್ಲಿ ತಯಾರಾದದ್ದು ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ಬೇರಾವ ಭಾಗವೂ ಹೇಳುವುದಿಲ್ಲ. ಇಂದು ಹೆಚ್ಚಾಗಿ ಸಿಗುವ ಥ್ರೆಡ್ ಇರುವ ಕಪ್‌ಗಳು ಇಂಗ್ಲಿಷ್ ಅಳತೆಯವು: 1.37 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್, ಶೆಲ್‌ನ (ಕಪ್‌ಗಳು ಕೂರುವ ಫ್ರೇಮ್‌ನ ಅಡ್ಡ ಕೊಳವೆ) ಅಗಲ 68 ಅಥವಾ 73 ಮಿ.ಮೀ. ಇದರಲ್ಲಿ ಚೈನ್ ಇರುವ ಬಲಬದಿಯ ಕಪ್ ಉಲ್ಟಾ ಥ್ರೆಡ್‌ನದು, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದಾಗ ಬಿಗಿಯಾಗುತ್ತದೆ. ಇಟಾಲಿಯನ್ ಫ್ರೇಮ್‌ನ ಶೆಲ್ 70 ಮಿ.ಮೀ. ಅಗಲವಿದ್ದು, ವ್ಯಾಸ 36 ಮಿ.ಮೀ. ಆಗಿರುವುದರಿಂದ ಇಂಗ್ಲಿಷ್ ಕಪ್ ಅದರಲ್ಲಿ ಹಿಡಿತವಿಲ್ಲದೆ ಅಲುಗಾಡುತ್ತದೆ. ನಿಮ್ಮದು ಬಿಗಿಯಾಗಿ ನಿಲ್ಲುತ್ತಿದೆ ಎಂದ ಮೇಲೆ ಇಟಾಲಿಯನ್ ಎಂಬ ಅನುಮಾನವನ್ನು ಬಿಟ್ಟುಬಿಡಬಹುದು. ಹಳೆಯ ಫ್ರೆಂಚ್ ಫ್ರೇಮ್‌ಗಳಲ್ಲಿ ಥ್ರೆಡ್ 35 ಮಿ.ಮೀ. ವ್ಯಾಸದ್ದು, ಪಿಚ್ (ಎರಡು ಥ್ರೆಡ್‌ಗಳ ನಡುವಿನ ಅಂತರ) 1 ಮಿ.ಮೀ., ಮತ್ತು ಎರಡೂ ಬದಿ ಮಾಮೂಲಿ ದಿಕ್ಕಿನವು. ಇಂಗ್ಲಿಷ್ ಥ್ರೆಡ್‌ನ ಪಿಚ್ ಸುಮಾರು 1.06 ಮಿ.ಮೀ. ಆದ್ದರಿಂದ ವ್ಯಾಸ ಹೆಚ್ಚುಕಡಿಮೆ ಹೊಂದಿಕೊಂಡು ಎಡಗಡೆಯ ಕಪ್ ಸಲೀಸಾಗಿ ಒಳಗೆ ಹೊರಡುತ್ತದೆ, ಆದರೆ ಪ್ರತಿ ಸುತ್ತಿಗೂ ವ್ಯತ್ಯಾಸ ಕೂಡುತ್ತಾ ಹೋಗಿ ಬೇಗನೆ ಕಚ್ಚಿಕೊಳ್ಳುತ್ತದೆ. ನಿಮ್ಮ ವಿವರಣೆ ಇದಕ್ಕೆ ಸರಿಹೊಂದುತ್ತದೆ.

ಆದರೆ ತುಕ್ಕು ಮತ್ತು ಒಳಗೆ ಇಳಿದ ಬಣ್ಣವೂ ಇದೇ ಲಕ್ಷಣವನ್ನು ತೋರಿಸುತ್ತವೆ. ಎರಡನ್ನೂ ಬೇರ್ಪಡಿಸುವ ಬಗೆ ಹೀಗಿದೆ. ತಂತಿಯ ಬ್ರಷ್‌ನಿಂದ ಥ್ರೆಡ್‌ಗಳನ್ನು ಉಜ್ಜಿ, ಎಣ್ಣೆ ಹಾಕಿ, ಬರಿಗೈಯಿಂದ ಕಪ್ಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ ನೋಡಿ. ಪ್ರತಿ ಸಲ ಉಜ್ಜಿದಾಗಲೂ ಕಪ್ ಇನ್ನಷ್ಟು ಒಳಗೆ ಹೋಗುತ್ತಿದ್ದರೆ ಅದು ಕೊಳೆಯ ತೊಂದರೆ, ಪದೇ ಪದೇ ಅದೇ ಜಾಗದಲ್ಲಿ ನಿಂತರೆ ಅಥವಾ ಹೊಳೆಯುವ ಲೋಹದ ಪುಡಿ ಬರತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಬಳಿಕ ಬಲಬದಿಯನ್ನು ಪರೀಕ್ಷಿಸಿ. ಇಂಗ್ಲಿಷ್ ಅಳತೆಯ ಬಲಗಡೆ ಕಪ್ ಫ್ರೆಂಚ್ ಶೆಲ್‌ನಲ್ಲಿ ಮೊದಲ ಸುತ್ತನ್ನೇ ಹಿಡಿಯುವುದಿಲ್ಲ, ಏಕೆಂದರೆ ದಿಕ್ಕೇ ಬೇರೆ. ಎರಡೂ ಬದಿ ಹಿಡಿದು ಎರಡೂ ಕಡೆ ಕಚ್ಚಿಕೊಂಡರೆ, ಮತ್ತು ಥ್ರೆಡ್ ಸ್ವಚ್ಛವಾಗಿದ್ದರೆ, ಅದು ಸ್ವಿಸ್ ಅಳತೆ ಇರಬಹುದು: ವ್ಯಾಸ, ಪಿಚ್ ಎರಡೂ ಫ್ರೆಂಚ್‌ನವೇ, ಬಲಬದಿ ಮಾತ್ರ ಉಲ್ಟಾ. ಕೆಲವೇ ಫ್ರೇಮ್‌ಗಳಲ್ಲಿ ಕಾಣುವಂಥದ್ದು, ಆದರೆ ಇಲ್ಲವೆನ್ನಲಾಗದು.

ಫ್ರೆಂಚ್ ಎಂದು ಖಚಿತವಾದರೆ, ಫ್ರೇಮ್‌ನ ಜೊತೆ ಹಳೆಯ ಕಪ್‌ಗಳು ಬಂದಿದ್ದಲ್ಲಿ ಅವನ್ನು ಎಸೆಯಬೇಡಿ. ಬೇರಿಂಗ್ ಓಡುವ ಮೈ ನುಣುಪಾಗಿದ್ದರೆ ಹೊಸ ಗುಂಡುಗಳನ್ನೂ ಗ್ರೀಸನ್ನೂ ಹಾಕಿ ವರ್ಷಗಟ್ಟಲೆ ಓಡಿಸಬಹುದು. ಅವು ಸವೆದಿದ್ದರೆ, ಥ್ರೆಡ್ಡನ್ನು ಅವಲಂಬಿಸದೆ ಶೆಲ್‌ನ ಒಳಗೆ ಹಿಗ್ಗಿ ಹಿಡಿದುಕೊಳ್ಳುವ ಕಾರ್ಟ್ರಿಜ್ ಬಾಟಮ್ ಬ್ರಾಕೆಟ್‌ಗಳು ಸಿಗುತ್ತವೆ. ನಾನಾಗಿದ್ದರೆ ಅದನ್ನೇ ಹಾಕುತ್ತೇನೆ. ಶೆಲ್ಲನ್ನು ಇಟಾಲಿಯನ್ ಅಳತೆಗೆ ಹೊಸದಾಗಿ ಕೊರೆಸುವುದು ಸಾಧ್ಯವಾದರೂ, ಒಮ್ಮೆ ಕೊರೆದ ಲೋಹ ಹಿಂದಿರುಗುವುದಿಲ್ಲವಾದ್ದರಿಂದ ಅದು ಕೊನೆಯ ದಾರಿ. ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಫ್ರೇಮ್ ಫ್ರೆಂಚ್ ಆಗಿದ್ದರೆ ಉಳಿದ ಅಳತೆಗಳೂ ಬೇರೆಯಾಗಿರುವ ಸಾಧ್ಯತೆ ಇದೆ: ಫೋರ್ಕ್‌ನೊಳಗೆ ಇಳಿಯುವ ಸ್ಟೆಮ್ (ಹ್ಯಾಂಡಲ್ ಹಿಡಿಯುವ ದಂಡ) 22.2 ಮಿ.ಮೀ. ಬದಲು 22.0, ಮುಂದಿನ ಡಿರೇಲರ್‌ನ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ಪಟ್ಟಿ 28.6ರ ಬದಲು 28.0, ಹಳೆಯ ಫ್ರೆಂಚ್ ಕ್ರ್ಯಾಂಕ್ (ಪೆಡಲ್ ತೋಳು) ಆದರೆ ಪೆಡಲ್‌ನ ಥ್ರೆಡ್ ಕೂಡ 14 ಮಿ.ಮೀ.ನದು. ಹೀಗೆ ಒಂದು ಕಪ್ಪಿನ ಹಟ ಮುಂದೆ ಬರಲಿರುವ ಮೂರು ತೊಂದರೆಗಳನ್ನು ಮೊದಲೇ ತಿಳಿಸಿಬಿಡುತ್ತದೆ.

ಇನ್ನು ಹಿಂದಿನ ಚಕ್ರ. ಎರಡು ಡ್ರಾಪ್‌ಔಟ್‌ಗಳ ಒಳಮೈಗಳ ನಡುವಿನ ಅಂತರವನ್ನೂ, ಹಬ್‌ನಲ್ಲಿ (ಚಕ್ರದ ನಡುಭಾಗದಲ್ಲಿ) ಎರಡು ಕಡೆಯ ಲಾಕ್‌ನಟ್‌ಗಳ (ಆಕ್ಸಲ್ ಮೇಲೆ ಬೇರಿಂಗನ್ನು ಬಿಗಿದಿಡುವ ನಟ್‌ಗಳ) ಹೊರಮೈಗಳ ನಡುವಿನ ಅಂತರವನ್ನೂ ಅಳೆಯಿರಿ. ಐದು ಗೇರಿನ ಕಾಲದ ರೋಡ್ ಫ್ರೇಮ್‌ಗಳಲ್ಲಿ ಇದು 120 ಮಿ.ಮೀ., ಆರು-ಏಳು ಗೇರಿನವುಗಳಲ್ಲಿ 126, ಆ ನಂತರ ಬಂದ ರೋಡ್ ಹಬ್‌ಗಳಲ್ಲಿ 130, ಮೌಂಟನ್ ಬೈಕ್ ಹಬ್‌ಗಳಲ್ಲಿ 135. ಫ್ರೇಮ್ 126, ಹಬ್ 130 ಎಂದಾದರೆ ಪ್ರತಿ ಬದಿಗೆ ಬೇಕಾದದ್ದು ಕೇವಲ 2 ಮಿ.ಮೀ. ಸ್ಟೀಲ್ ಫ್ರೇಮ್‌ನಲ್ಲಿ ಕೈಯಿಂದ ಅಗಲಿಸಿ ಚಕ್ರವನ್ನು ಕೂರಿಸಿದರೂ ನಡೆಯುತ್ತದೆ, ಚಕ್ರ ಬಿಚ್ಚುವಾಗಲೆಲ್ಲ ಸ್ವಲ್ಪ ಕಿರಿಕಿರಿ ಅಷ್ಟೆ. 120ರಿಂದ 130ಕ್ಕೆ ಹೋಗಬೇಕಾದರೆ ಸ್ಟೇಗಳನ್ನು (ಹಿಂದಿನ ಚಕ್ರದ ಎರಡು ಬದಿಯ ಕೊಳವೆಗಳನ್ನು) ಶಾಶ್ವತವಾಗಿ ಬಗ್ಗಿಸಬೇಕು. ಆಗ ಎರಡೂ ಬದಿ ಸಮವಾಗಿ ಅಗಲಿವೆಯೇ ಎಂಬುದನ್ನು ಒಂದು ಡ್ರಾಪ್‌ಔಟ್‌ನಿಂದ ಹೆಡ್ ಟ್ಯೂಬನ್ನು ಸುತ್ತಿಸಿ ಇನ್ನೊಂದು ಡ್ರಾಪ್‌ಔಟ್‌ಗೆ ದಾರ ಬಿಗಿದು, ಸೀಟ್ ಟ್ಯೂಬ್‌ನಿಂದ ದಾರಕ್ಕಿರುವ ದೂರ ಎರಡೂ ಕಡೆ ಒಂದೇ ಆಗಿದೆಯೇ ಎಂದು ಅಳೆದು ತಿಳಿಯಬೇಕು. ಬಗ್ಗಿಸಿದ ಮೇಲೆ ಡ್ರಾಪ್‌ಔಟ್‌ಗಳು ಪರಸ್ಪರ ಸಮಾನಾಂತರವಾಗಿ ಉಳಿಯುವುದಿಲ್ಲ, ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಕೂಡ ಓರೆಯಾಗುತ್ತದೆ. ಅವನ್ನು ನೇರ ಮಾಡುವ ಉಪಕರಣ ಇಲ್ಲದಿದ್ದರೆ ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸಿ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮ್ ಇರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಬಗ್ಗಿಸಲು ಹೋಗಬೇಡಿ, ಅವು ಬಿರುಕು ಬಿಡುತ್ತವೆ.

ಫ್ರೇಮ್ ಅಗಲವಾಗಿದ್ದು ಹಬ್ ಕಿರಿದಾಗಿದ್ದರೆ ಕೆಲಸ ಸುಲಭ. ಆಕ್ಸಲ್‌ಗೆ ವಾಷರ್ ಸೇರಿಸಿ, ರಿಮ್ ಫ್ರೇಮ್‌ನ ನಡುವೆಯೇ ಬರುವಂತೆ ಕಡ್ಡಿಗಳನ್ನು ಎಳೆದರಾಯಿತು, ಆಕ್ಸಲ್‌ನ ಉದ್ದ ಮಾತ್ರ ಸಾಕಾಗಬೇಕು.

ಚಕ್ರ ಕೂತ ಕೂಡಲೇ ಬ್ರೇಕ್ ಕಟ್ಟೆ (ರಿಮ್ಮನ್ನು ಒತ್ತುವ ರಬ್ಬರ್ ತುಂಡು) ರಿಮ್ಮಿಗೆ ತಾಗುತ್ತದೆಯೇ ಎಂದೂ ನೋಡಿ. 27 ಇಂಚಿನ ಚಕ್ರಕ್ಕಾಗಿ ಮಾಡಿದ ಫ್ರೇಮ್‌ಗೆ 700ಸಿ ಚಕ್ರ ಹಾಕಿದರೆ ರಿಮ್‌ನ ವ್ಯಾಸ 630ರಿಂದ 622 ಮಿ.ಮೀ.ಗೆ ಇಳಿಯುವುದರಿಂದ ಕಟ್ಟೆ 4 ಮಿ.ಮೀ. ಕೆಳಗೆ ಬರಬೇಕಾಗುತ್ತದೆ. ಬ್ರೇಕ್ ಬೋಲ್ಟ್‌ನ ನಡುವಿನಿಂದ ರಿಮ್ಮಿನ ಪಕ್ಕದ ನಡುವಿಗೆ ಅಳೆದು, 39–49 ಮಿ.ಮೀ.ನ ಬ್ರೇಕ್ ಬೇಕೇ 47–57ರದ್ದು ಬೇಕೇ ಎಂದು ನಿರ್ಧರಿಸಿ.

ಸೀಟ್ ಪೋಸ್ಟ್‌ಗಳ ಅಳತೆ ಹೆಚ್ಚಾಗಿ 0.2 ಮಿ.ಮೀ. ಅಂತರದಲ್ಲಿ ಏರುತ್ತದೆ: 26.4, 26.6, 26.8, 27.0, 27.2. ಸೀಟ್ ಟ್ಯೂಬ್‌ನ ಬಾಯಿಯನ್ನು ಹಿಂದಿನ ಮಾಲೀಕರು ಬಿಗಿದು ಬಿಗಿದು ಅಂಡಾಕಾರ ಮಾಡಿರುವ ಸಾಧ್ಯತೆ ಇರುವುದರಿಂದ, ಬಾಯಿಯಿಂದ ಕ್ಯಾಲಿಪರ್ ಎಟುಕುವಷ್ಟು ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ಎರಡು ಸಲ ಅಳೆಯಿರಿ. ಬೋಲ್ಟ್ ಬಿಗಿದಾಗ ಸೀಟ್ ಟ್ಯೂಬ್‌ನ ಬಾಯಲ್ಲಿರುವ ಸೀಳಿನ ಎರಡು ಅಂಚುಗಳು ಮೇಲ್ಗಡೆ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದರೆ ಪೋಸ್ಟ್ ಸಣ್ಣದು. ಸರಿಯಾದ ಪೋಸ್ಟ್ ಬೋಲ್ಟ್ ಸಡಿಲವಿದ್ದಾಗಲೂ ಅಲುಗಾಡದೆ, ಕೈಯ ಒತ್ತಡಕ್ಕೆ ಮೆಲ್ಲಗೆ ಇಳಿಯುತ್ತದೆ. ಕೊರತೆ 0.2 ಮಿ.ಮೀ. ಮಾತ್ರ ಇದ್ದರೆ ಪಾನೀಯದ ಡಬ್ಬಿಯ ತಗಡನ್ನು ಒಂದು ಸುತ್ತು ಸುತ್ತಿ ಪರೀಕ್ಷಿಸಬಹುದು, ಆ ತಗಡಿನ ದಪ್ಪ ಸುಮಾರು 0.1 ಮಿ.ಮೀ. ಇರುತ್ತದೆ. ಪರೀಕ್ಷೆಗೆ ಸಾಕು, ಸವಾರಿಗೆ ಸರಿಯಾದ ಪೋಸ್ಟನ್ನೇ ತನ್ನಿ. ಕೊರತೆ ಹೆಚ್ಚಿದ್ದರೆ ಅದಕ್ಕೆಂದೇ ಮಾಡಿದ ಉದ್ದನೆಯ ಶಿಮ್ (ಪೋಸ್ಟಿಗೆ ತೊಡಿಸುವ ತೆಳು ಕೊಳವೆ) ಹಾಕಿ, ಅದರ ಸೀಳು ಫ್ರೇಮ್‌ನ ಸೀಳಿಗೆ ನೇರವಾಗಿರಲಿ. ಸ್ಟೀಲ್ ಫ್ರೇಮ್‌ನೊಳಗೆ ಅಲ್ಯೂಮಿನಿಯಂ ಪೋಸ್ಟನ್ನು ಗ್ರೀಸ್ ಇಲ್ಲದೆ ಬಿಟ್ಟರೆ ಎರಡು ಲೋಹಗಳ ನಡುವಿನ ತುಕ್ಕಿನಿಂದ ಅದು ಜಾಮ್ ಆಗುತ್ತದೆ, ಬಿಡಿಸುವುದು ಈ ಎಲ್ಲ ಕೆಲಸಗಳಿಗಿಂತ ಕಷ್ಟ.

ಕ್ರ್ಯಾಂಕ್‌ನ ಖರೀದಿಯನ್ನು ಬಾಟಮ್ ಬ್ರಾಕೆಟ್ ತೀರ್ಮಾನವಾಗುವವರೆಗೆ ಮುಂದೂಡಿ. ಚೌಕ ತುದಿಯ ಸ್ಪಿಂಡಲ್‌ಗಳಲ್ಲೂ (ಬಾಟಮ್ ಬ್ರಾಕೆಟ್‌ನ ಅಚ್ಚುಗಳಲ್ಲೂ) ಜಪಾನಿ ಮತ್ತು ಐಎಸ್ಒ ಎಂಬ ಎರಡು ಬಗೆಗಳಿದ್ದು, ಒಂದರ ಕ್ರ್ಯಾಂಕನ್ನು ಇನ್ನೊಂದಕ್ಕೆ ಹಾಕಿದರೆ ಅದು ಸುಮಾರು 4.5 ಮಿ.ಮೀ. ಒಳಗೋ ಹೊರಗೋ ಕೂತು ಚೈನಿನ ಸಾಲು ತಪ್ಪುತ್ತದೆ. ಶೆಲ್‌ನ ಅಗಲ, ಬಲಬದಿಯ ಥ್ರೆಡ್‌ನ ದಿಕ್ಕು ಮತ್ತು ಡ್ರಾಪ್‌ಔಟ್‌ಗಳ ಅಂತರ, ಈ ಮೂರನ್ನು ಅಳೆದು ಇಲ್ಲಿ ತಿಳಿಸಿದರೆ ಯಾವ ಉದ್ದದ ಸ್ಪಿಂಡಲ್ ಹುಡುಕಬೇಕೆಂಬುದನ್ನು ಲೆಕ್ಕ ಹಾಕಿ ಹೇಳುತ್ತೇನೆ.