ಹೊಸತೊಡಕಿನ ಊಟಕ್ಕೆ ಕೂತರೆ ಜಮೀನಿನ ಜಗಳ

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕು, ನರಸಾಪುರದ ಹತ್ತಿರ ಒಂದು ಹಳ್ಳಿ. ನಾನು ಮನೆಯ ದೊಡ್ಡ ಸೊಸೆ. ಯುಗಾದಿ ದಿನ ಒಬ್ಬಟ್ಟು ತಿಂದು ಎಲ್ಲರೂ ನಗುನಗುತ್ತಾ ಇರುತ್ತಾರೆ. ಮಾರನೇ ದಿನ ಹೊಸತೊಡಕಿನ ಊಟಕ್ಕೆ ಕೂತರೆ ಸಾಕು, ಮಾವನಿಗೂ ಬೆಂಗಳೂರಿನಲ್ಲಿರುವ ಮೈದುನನಿಗೂ ಶುರುವಾಗುತ್ತದೆ. ಮೊದಲು ಪಾರ್ಟಿ ವಿಷಯ. ಆಮೇಲೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಡುವ ಯೋಜನೆ. ಅದರಿಂದಲೇ ಬೋರ್‌ನಲ್ಲಿ ನೀರು ಬಂತು ಅಂತಾರೆ ಮಾವ. ಬೆಂಗಳೂರಿನ ಚರಂಡಿ ನೀರು ಅಂತಾನೆ ಮೈದುನ. ಕೊನೆಗೆ ರಸ್ತೆ ಪಕ್ಕದ ಜಮೀನು ಮಾರೋ ಮಾತು. ನಮ್ಮ ಯಜಮಾನರು ತಲೆ ಬಗ್ಗಿಸಿಕೊಂಡು ಊಟ ಮಾಡುತ್ತಾರೆ. ಹೋದ ವರ್ಷ ಮೈದುನ ಅರ್ಧ ಮುರಿದ ಮುದ್ದೆ ತಟ್ಟೆಯಲ್ಲೇ ಬಿಟ್ಟು, ಕೈ ತೊಳೆದು, ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ಹೊರಟುಹೋದ. ಅತ್ತೆ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ಊಟದ ಹೊತ್ತಲ್ಲಿ ರಾಜಕೀಯ ಬೇಡ ಅಂತ ಈ ಸಲ ಮೊದಲೇ ಹೇಳಿಬಿಡಲಾ?

ಉತ್ತರ: ಹೇಳಬಹುದು. ಆದರೆ ಅಷ್ಟಕ್ಕೇ ಸರಿಹೋಗಲ್ಲ. ನಿಮ್ಮ ಪತ್ರವನ್ನೇ ನೋಡಿ. ಪಾರ್ಟಿ ವಿಷಯಕ್ಕೆ ಯಾರೂ ತಟ್ಟೆ ಬಿಟ್ಟು ಎದ್ದಿಲ್ಲ. ಎದ್ದಿದ್ದು ಜಮೀನಿನ ಮಾತಿಗೆ. ಮಾವ ನೀರನ್ನು ಹೊಗಳುವಾಗ "ಜಮೀನು ಇರಲಿ" ಅಂತಿದ್ದಾರೆ. ಮೈದುನ ಅದೇ ನೀರನ್ನು ಬೈಯುವಾಗ "ಮಾರೋಣ" ಅಂತಿದ್ದಾನೆ. ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದಾರೆ, ಸುತ್ತಿ ಬಳಸಿ.

ಮನೆಯವರೆಲ್ಲ ಒಟ್ಟಿಗೆ ಸೇರುವುದು ವರ್ಷಕ್ಕೆ ಒಂದೆರಡು ಸಲ. ಬೇರೆ ದಿನ ಈ ಮಾತಿಗೆ ಜಾಗವೇ ಇಲ್ಲ. ಅದಕ್ಕೇ ಅದು ಊಟದ ಮಧ್ಯೆ ಬಂದು ಕೂರುತ್ತದೆ. ಬೇಡ ಅಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಜಮೀನಿನ ಮಾತಿಗೆ ಬೇರೆ ದಿನ, ಬೇರೆ ಜಾಗ ಗೊತ್ತುಮಾಡಿ. ಆಗಲೇ ಊಟ ಊಟವಾಗಿ ಉಳಿಯುವುದು.

ಹಬ್ಬಕ್ಕೆ ಎರಡು ಮೂರು ವಾರ ಮುಂಚೆ ಒಂದು ಭಾನುವಾರ ಮೈದುನನನ್ನು ಕರೆಸಿ. ಫೋನ್ ಮಾಡಬೇಕಾದವರು ನಿಮ್ಮ ಯಜಮಾನರು. ಇದನ್ನು ಒತ್ತಿ ಹೇಳುತ್ತೇನೆ. ತಲೆ ಬಗ್ಗಿಸಿಕೊಂಡು ಉಂಡರೆ ಮನೆಗೆ ನೆಮ್ಮದಿ ಬರಲ್ಲ. ಅವರು ದೊಡ್ಡ ಮಗ. ಮಾವನಿಗೂ ತಮ್ಮನಿಗೂ ಮಧ್ಯೆ ನಿಂತು ಮಾತಾಡುವ ಹಕ್ಕೂ ಅವರದೇ, ಹೊಣೆಯೂ ಅವರದೇ. ಅದೇ ಮಾತು ನಿಮ್ಮ ಬಾಯಿಂದ ಬಂದರೆ "ಹೊರಗಿಂದ ಬಂದವಳು ನಮ್ಮ ಆಸ್ತಿಗೆ ಬಾಯಿ ಹಾಕ್ತಾಳೆ" ಅನ್ನುವವರು ಇದ್ದೇ ಇರುತ್ತಾರೆ. ಬೆಳಗ್ಗಿಂದ ಒಲೆ ಮುಂದೆ ಬೆಂದವರ ತಲೆಗೇ ಶಾಂತಿ ಕಾಪಾಡುವ ಕೆಲಸವನ್ನೂ ಕಟ್ಟುವುದು ನ್ಯಾಯವಲ್ಲ.

ಅವತ್ತು ಪಹಣಿ, ಮ್ಯುಟೇಷನ್ ಎಲ್ಲ ಎದುರಿಗಿರಲಿ. ಜಮೀನು ಯಾರ ಹೆಸರಲ್ಲಿದೆ, ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಮೊದಲು ನೋಡಿ. ಪಿತ್ರಾರ್ಜಿತವಾದರೆ ನಿಮ್ಮ ನಾದಿನಿಯರೂ ಬಂದು ಕೂರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು: ಅದು ಹುಟ್ಟಿನಿಂದಲೇ ಬರುವ ಹಕ್ಕು. ಅವರನ್ನು ಬಿಟ್ಟು ಗಂಡಸರೇ ತೀರ್ಮಾನ ಮಾಡಿದರೆ ಮುಂದಿನ ಯುಗಾದಿಗೆ ಇನ್ನೊಂದು ಜಗಳ ಕಾದಿರುತ್ತದೆ.

ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಆಮೇಲೆ ಕೇಳಿದವರು "ನೀನು ಹೇಳಿದ್ದು ಇದು ಅಲ್ವಾ" ಅಂತ ಒಂದು ಸಲ ತಿರುಗಿ ಹೇಳಬೇಕು. ಚಿಕ್ಕ ಕೆಲಸ. ಆದರೆ ಅರ್ಧ ಸಿಟ್ಟು ಇದರಲ್ಲೇ ಇಳಿಯುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಕಾಲವನ್ನು ನೋಡಿದವರು ನಿಮ್ಮ ಮಾವ. ಮನೆ ಸಾಲ, ಮಕ್ಕಳ ಫೀಸು ಅಂತ ತಿಂಗಳ ಕೊನೆಗೆ ಲೆಕ್ಕ ಹಾಕುತ್ತಿರುವವನು ಮೈದುನ ಇರಬಹುದು. 2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯ್ದೆ ಬದಲಾಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾಯಿತು. ನಿಮ್ಮ ಕಡೆ ಕೈಗಾರಿಕಾ ಪ್ರದೇಶ ಬೇರೆ ಪಕ್ಕದಲ್ಲೇ ಇದೆ. ರೇಟು ಕೇಳಿದವನಿಗೆ ಆಸೆ ಹುಟ್ಟುವುದು ತಪ್ಪೇನಲ್ಲ. ಉಳಿಸಿಕೊಳ್ಳಬೇಕು ಅನ್ನುವುದೂ ಹಟವಲ್ಲ.

ನೀರಿನ ವಿಷಯದಲ್ಲಿ ಇಬ್ಬರ ಮಾತಲ್ಲೂ ಸತ್ಯ ಇದೆ. 2018ರಿಂದ ಆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಕೆರೆಗಳು ತುಂಬಿದ್ದೂ ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ರೈತರೇ ಹೋರಾಡಿದ್ದೂ ನಿಜ. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನಿಮ್ಮ ಬೋರ್ ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿ. ಅಪ್ಪ ಮಗ ಇಬ್ಬರೂ ಹೋಗಿ ಬರಲಿ. ಅವರಿಬ್ಬರು ಒಂದೇ ಗಾಡಿಯಲ್ಲಿ ಕೂತು ಎಷ್ಟು ದಿನವಾಯಿತೋ.

ಇನ್ನು ಹೊಸತೊಡಕಿನ ದಿನ. ಗುಡ್ಡೆ ಮಾಂಸ ಪಾಲಾಗಿ ಬಂದು, ಸಾರು ಕುದ್ದು, ಮುದ್ದೆ ಕಟ್ಟುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನ ಮೂರಾಗುತ್ತದೆ. ಅಷ್ಟರಲ್ಲಿ ಗಂಡಸರು ತೋಟದ ಕಡೆ ಹೋಗಿ "ಸ್ವಲ್ಪ" ಹಾಕಿಕೊಂಡು ಬಂದಿರುತ್ತಾರೆ. ಖಾಲಿ ಹೊಟ್ಟೆ, ಮೇಲೆ ಕುಡಿತ, ಹಳೇ ಸಿಟ್ಟು. ಇನ್ನೇನಾಗಬೇಕು? ಬೆಳಗ್ಗೆಯೇ ಬೋಟಿ ಗೊಜ್ಜಿಗೆ ಇಡ್ಲಿ ಮಾಡಿ ಎಲ್ಲರಿಗೂ ಬಡಿಸಿಬಿಡಿ. ಊಟ ಒಂದೂವರೆಗೆ ಅಂತ ಹೇಳಿ. ಈ ಸಲ ಊಟ ಆಗುವವರೆಗೂ ಬಾಟಲಿ ಬೇಡ ಅಂತ ನಿಮ್ಮ ಯಜಮಾನರು ತಮ್ಮನಿಗೆ ಮೊದಲೇ ಹೇಳಲಿ. ಟಿವಿಯಲ್ಲಿ ನ್ಯೂಸ್ ಚಾನೆಲ್ ಹಾಕಬೇಡಿ.

ಆದರೂ ಮಾತು ಏರಿದರೆ? ಗಂಡ ಹೆಂಡತಿ ಜಗಳಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಒಂದು ವಿಷಯ ಹೇಳುತ್ತಾರೆ. ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ. ಮೈ ತಣ್ಣಗಾಗಲು ಕಡಿಮೆ ಅಂದರೂ 20 ನಿಮಿಷ ಬೇಕು. ಆ ಹೊತ್ತಲ್ಲಿ "ಸಮಾಧಾನ ಮಾಡ್ಕೊಳ್ಳಿ" ಅಂದರೂ ಬೆಂಕಿಗೆ ತುಪ್ಪ. "ಬಾರೋ, ಹಸು ನೋಡ್ಕೊಂಡು ಬರೋಣ" ಅಂತ ಅಣ್ಣ ತಮ್ಮನನ್ನು ಎಬ್ಬಿಸಿಕೊಂಡು ಹೊರಗೆ ಹೋಗಲಿ. ಅಲ್ಲೂ ಅದೇ ಮಾತು ಬೇಡ. ಬಂದ ಮೇಲೆ ಬಿಸಿ ಮುದ್ದೆ ಹಾಕಿ.

ನೀವೂ ಅವರ ಜೊತೆಗೇ ಊಟಕ್ಕೆ ಕೂತುಕೊಳ್ಳಿ. ಬಡಿಸುತ್ತಾ ನಿಂತವರ ಮುಂದೆ ಜಗಳ ಆಡಿದಷ್ಟು ಸಲೀಸಾಗಿ, ಪಕ್ಕದಲ್ಲಿ ಕೂತು ಉಣ್ಣುವವರ ಮುಂದೆ ಆಡಲಾಗಲ್ಲ.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದವಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿದ್ದೇನೆ. ಅಪ್ಪ ಅಮ್ಮ ಒಪ್ಪಿದ್ದಾರೆ. ಗೌರಿ ಹಬ್ಬಕ್ಕೆ ತವರಿಗೆ ಹೋದರೆ ಸೋದರತ್ತೆ ನನ್ನ ಗಂಡನ ಮುಂದೆಯೇ ಚುಚ್ಚಿ ಮಾತಾಡುತ್ತಾರೆ. "ಹಬ್ಬದ ದಿನ ಸುಮ್ನಿರು" ಅಂತಾಳೆ ಅಮ್ಮ.

ಉತ್ತರ: ಸುಮ್ಮನಿರಬೇಡಮ್ಮ. ಜಮೀನು ಮಾರಬೇಕೋ ಬೇಡವೋ ಅನ್ನುವುದು ಅಭಿಪ್ರಾಯ. ಮನೆಗೆ ಬಂದ ಅಳಿಯನ ಜಾತಿ ಎತ್ತಿ ಆಡುವುದು ಅವಮಾನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹಬ್ಬಕ್ಕೆ ಮುಂಚೆಯೇ ಅಪ್ಪನ ಹತ್ತಿರ ಮಾತಾಡಿ. ಅಕ್ಕನೋ ತಂಗಿಯೋ, ಅವರಿಗೆ ಹೇಳಬೇಕಾದವರು ಅಪ್ಪನೇ. "ಅವನು ನನ್ನ ಅಳಿಯ, ನನ್ನ ಮನೆಯಲ್ಲಿ ಹಾಗೆ ಮಾತಾಡಬೇಡ" ಅಂತ ಅವರು ಒಂದು ಸಲ ಹೇಳಿದರೆ, ನೀವು ಹತ್ತು ಸಲ ಹೇಳುವುದು ತಪ್ಪುತ್ತದೆ. ಆಮೇಲೂ ನಡೆದರೆ ಕೂಗಾಡಬೇಡಿ, ಅಳಬೇಡಿ. "ಅತ್ತೆ, ಈ ಮಾತು ನನಗೆ ಹಿಡಿಸಲಿಲ್ಲ" ಅನ್ನಿ. ಅಮ್ಮ ಕೊಟ್ಟ ಬಾಗಿನ ತೆಗೆದುಕೊಂಡು, ಗಂಡನ ಜೊತೆ ಹೊರಡಿ. ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ, ಸೋದರತ್ತೆ ಊರಿಗೆ ಹೋದ ಮೇಲೆ ಇಬ್ಬರೂ ಊಟಕ್ಕೆ ಬರುತ್ತೇವೆ ಅಂತ ಹೇಳಿ.